ಅಳಿಯನ ಹಂದಿಕಾವಲು

ಸಾಂತೋನಿಗೆ ಈಜು ಬರುತ್ತಿರಲಿಲ್ಲ. ಬಂದಿದ್ದರೆ ಆ ಬೆಳಿಗ್ಗೆ ಅವನೂ ಎಲ್ಲರ ಜೊತೆ ಸಮುದ್ರಕ್ಕೆ ಇಳಿದಿರುತ್ತಿದ್ದ. ಹಂದಿಯ ಕಾವಲಿಗೆ ಬೇರೆ ಯಾರಾದರೂ ಕೂತಿರುತ್ತಿದ್ದರು. ಅವನ ಮದುವೆಯೂ ಇಷ್ಟು ಹೊತ್ತಿಗೆ ಆಗಿಹೋಗಿರುತ್ತಿತ್ತು.

ಅವನು ಸೆಬು ದ್ವೀಪದ ಗುಡ್ಡದ ಕಡೆಯವನು. ಆ ಊರಿನವರಿಗೆ ನೀರು ಎಂದರೆ ಕೊಡದಲ್ಲಿ ಇರುವಂಥದ್ದು. ಪಟ್ಟಣಕ್ಕೆ ಬಂದು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಒಂದು ದಿನ ಲಿಗಾಯಾ ಎಂಬ ಹುಡುಗಿ ತನ್ನ ಅಜ್ಜಿಗೆ ಕನ್ನಡಕ ಮಾಡಿಸಲು ಬಂದಳು. ಸಾಂತೋ ಹುಡುಗಿಯನ್ನು ನೋಡುತ್ತ ಅಜ್ಜಿಯ ಅಳತೆ ತೆಗೆದ. ಅಳತೆ ತಪ್ಪಿತು. ಸರಿ ಮಾಡಿಸಲು ಅವರು ಮತ್ತೆ ಬಂದರು, ಮತ್ತೆ ತಪ್ಪಿತು. ಹೀಗೆ ಬಂದು ಹೋಗುವಷ್ಟರಲ್ಲಿ ಲಿಗಾಯಾಳಿಗೆ ಹುಡುಗ ಹಿಡಿಸಿದ. ಅಜ್ಜಿಗೆ ಮಾತ್ರ ಆ ಕನ್ನಡಕ ಇವತ್ತಿಗೂ ಹಿಡಿಸಿಲ್ಲ. ಮೂಗಿನ ಮೇಲೆ ಏಡಿ ಕೂತ ಹಾಗಾಗುತ್ತದೆ ಎನ್ನುತ್ತಾಳೆ.

ಅಜ್ಜಿಯ ಹೆಸರು ಬಿಯಾಂಗ್. ಮನೆಯವರಿಗೆಲ್ಲ ಆಕೆ ಲೋಲಾ, ಅಂದರೆ ಅಜ್ಜಿ. ಆ ಮನೆಯಲ್ಲಿ ಲೋಲಾ ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ. ಈ ಸಲ ತನ್ನ ಹುಟ್ಟುಹಬ್ಬಕ್ಕೆ ಆಕೆ ಇಡೀ ಸಂಸಾರವನ್ನು ಎದುರಿಗಿನ ಪುಟ್ಟ ದ್ವೀಪಕ್ಕೆ ಹೊರಡಿಸಿ, "ಆ ಕನ್ನಡಕದ ಹುಡುಗನ್ನೂ ಕರ್ಕೊಂಡು ಬಾ, ನೋಡೋಣ" ಎಂದು ಮೊಮ್ಮಗಳಿಗೆ ಹೇಳಿದ್ದಳು. ಆ 'ನೋಡೋಣ' ಎಂಬ ಮಾತಿಗೆ ಏನರ್ಥವೆಂದು ಎಲ್ಲರಿಗೂ ಗೊತ್ತಿತ್ತು. ಇದರಲ್ಲಿ ಪಾಸಾದರೆ ಸಾಂತೋನ ತಂದೆತಾಯಿ ಬಂದು ಶಾಸ್ತ್ರೋಕ್ತವಾಗಿ ಹೆಣ್ಣು ಕೇಳಬಹುದು. ಫೇಲಾದರೆ ಅವನು ಅಂಗಡಿಗೆ ಮರಳಿ ಕಂಡವರ ಕಣ್ಣಳತೆ ತೆಗೆಯುತ್ತ ಕೂರಬಹುದು.

ದೋಣಿಯಲ್ಲೇ ಅವನ ಮುಖ ಎಳೆ ಪರಂಗಿಕಾಯಿಯ ಬಣ್ಣಕ್ಕೆ ತಿರುಗಿತ್ತು. ಅಲೆ ಎದ್ದಾಗಲೆಲ್ಲ ಅವನು ಪಕ್ಕದವರ ತೋಳು ಹಿಡಿಯುತ್ತಿದ್ದ. ಪಕ್ಕದಲ್ಲಿದ್ದವರು ಲಿಗಾಯಾಳ ಅಪ್ಪ ತೆಬಾನ್. ದಡ ಸೇರಿದ ಮೇಲೆ ಅವರು ತೋಳಿನ ಮೇಲೆ ಮೂಡಿದ್ದ ಉಗುರಿನ ಗುರುತುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅದನ್ನು ಕಂಡು ಸಾಂತೋನಿಗೆ ಇನ್ನೂ ಹೆಚ್ಚು ಭಯವಾಯಿತು.

ತೆಂಗಿನಗರಿಯ ಚಪ್ಪರದ ಕೆಳಗೆ ಸಾಮಾನು ಇಳಿಸುತ್ತಿರುವಾಗಲೇ ಇನ್ನೊಂದು ದೋಣಿ ಬಂತು. ಅಂಬಿಗ ಬಾಳೆಎಲೆಯಲ್ಲಿ ಸುತ್ತಿದ, ಬಿದಿರುಗಳಕ್ಕೆ ಸಿಕ್ಕಿಸಿದ ಒಂದು ದೊಡ್ಡ ಹೊರೆಯನ್ನು ಹೊತ್ತು ತಂದು ಮೇಜಿನ ಮೇಲಿಟ್ಟ. "ಹಂದಿ" ಎಂದು ಅಷ್ಟೇ ಹೇಳಿ, ಕೈಯಲ್ಲಿದ್ದ ಬೀಡಿಯನ್ನು ಬಾಯಿಗಿಟ್ಟು ಹೊರಟುಹೋದ.

ಎಲೆ ಬಿಚ್ಚಿದಾಗ ಎಲ್ಲರೂ ಮೇಜಿನ ಸುತ್ತ ಮುತ್ತಿಕೊಂಡರು. ಕೆಂಡದ ಮೇಲೆ ನಿಧಾನವಾಗಿ ತಿರುಗಿಸಿ ಸುಟ್ಟ ಇಡೀ ಹಂದಿ, ಲೆಚೋನ್. ಮೆರುಗೆಣ್ಣೆ ಹಚ್ಚಿದ ಹೊಸ ಗಿಟಾರಿನ ಹಾಗೆ ಅದರ ಮೈ ಮಿರಮಿರ ಮಿಂಚುತ್ತಿತ್ತು. ಲಿಗಾಯಾಳ ಚಿಕ್ಕಪ್ಪ ಇಸ್ಕೋ ಬೆರಳಿಂದ ಅದರ ಬೆನ್ನು ತಟ್ಟಿದರು. ಟಣ್ ಎಂದಿತು. ಊರಿನ ಪಂಚಾಯಿತಿ ಮೆಂಬರಾಗಿದ್ದ ಇಸ್ಕೋ ಎಲ್ಲದಕ್ಕೂ ತೀರ್ಪು ಕೊಡುವವರು. "ಇದು ಹಂದಿಯಲ್ಲ, ಸ್ವರ್ಗ" ಎಂದು ತೀರ್ಪಿತ್ತರು.

"ಕೈ ತೆಗಿ!" ಎಂದಳು ಲೋಲಾ. "ಮಧ್ಯಾಹ್ನ ಪ್ರಾರ್ಥನೆ ಆಗ್ಬೇಕು. ಮೊದಲ ಚರ್ಮ ನನ್ನ ಕೈಯಿಂದ ಮುರೀಬೇಕು. ಅಲ್ಲೀವರೆಗೆ ಯಾರಾದ್ರೂ ಒಂದು ಚೂರು ಮುಟ್ಟಿದ್ರೆ ಅವರು ನನ್ನ ವಂಶದೋರೇ ಅಲ್ಲ."

ಲೆಚೋನಿನಲ್ಲಿ ಮಾಂಸ ಯಾರಿಗೆ ಬೇಕು? ಅದರ ಜೀವವಿರುವುದೇ ಹಪ್ಪಳದಂಥ ಆ ಗರಿಗರಿ ಚರ್ಮದಲ್ಲಿ. ಮುಚ್ಚಿಟ್ಟರೆ ಮೆತ್ತಗಾಗುತ್ತದೆ, ತೆರೆದಿಟ್ಟರೆ ನೊಣ ಮುತ್ತುತ್ತದೆ. ಯಾರಾದರೂ ಬೀಸುತ್ತ ಕೂರಲೇಬೇಕು.

"ಯಾರು ಕೂತ್ಕೋತೀರಿ?" ಎಂದಳು ಲೋಲಾ.

ಎಲ್ಲರೂ ಸಮುದ್ರದ ಕಡೆ ನೋಡಿದರು. ಸಾಂತೋ ಮಾತ್ರ ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದ.

"ನೀನು ನೀರಿಗೆ ಇಳಿಯಲ್ವೇನೋ ಹುಡುಗಾ?"

"ನಂಗೆ... ಈಜು ಬರಲ್ಲ ಲೋಲಾ."

ಇಸ್ಕೋ ಗಹಗಹಿಸಿ ನಕ್ಕರು. ಲೋಲಾ ನಗಲಿಲ್ಲ. ತಾಳೆಗರಿಯ ಬೀಸಣಿಗೆಯನ್ನು ಅವನ ಕೈಗಿಟ್ಟು, "ಕೂತ್ಕೋ. ಕನ್ನಡಕ ಅಂತೂ ಸರಿಯಾಗಿ ಮಾಡ್ಲಿಲ್ಲ, ಹಂದಿನಾದ್ರೂ ಸರಿಯಾಗಿ ಕಾಯಿ" ಎಂದು ಹೇಳಿ ಹೊರಟಳು. ಲಿಗಾಯಾ ಹೋಗುವಾಗ ಅವನ ಬೆನ್ನು ಸವರಿ ಪಿಸುಗುಟ್ಟಿದಳು: "ಇದೊಂದು ಸರಿಯಾಗಿ ಮಾಡಿಬಿಡು ಸಾಂತೋ. ಇವತ್ತು ನಿನಗೆ ತುಂಬಾ ಮುಖ್ಯ." ಅವಳ ಕಣ್ಣಲ್ಲಿ ಏನೋ ತುಂಟತನವಿತ್ತು. ಬೆಳಗಿನಿಂದಲೂ ಅವಳು ಕಡಲಿನ ಕಡೆಗೇ ಕಣ್ಣು ಹಾಯಿಸುತ್ತಿದ್ದಳು. ಆದರೆ ಹಂದಿಯ ಜವಾಬ್ದಾರಿ ಹೊತ್ತವನಿಗೆ ಹೆಂಗಸರ ಕಣ್ಣು ಓದುವಷ್ಟು ಪುರುಸೊತ್ತೆಲ್ಲಿ?

ಸಾಂತೋ ಮೈಯೆಲ್ಲ ಕಣ್ಣಾಗಿ ಕೂತ. ಪಲ್ಲಕ್ಕಿಯ ಸಂತನಿಗೆ ಬೀಸುವಷ್ಟು ಭಕ್ತಿಯಿಂದ ಬೀಸಿದ. ಒಂದು ನೊಣ ಹಂದಿಯ ಕಿವಿಯ ಮೇಲೆ ಕೂರಲು ಬಂದಾಗ ಎದ್ದು ನಿಂತು ಅದನ್ನು ಚಪ್ಪರದ ಆಚೆಯವರೆಗೂ ಅಟ್ಟಿಸಿಕೊಂಡು ಹೋಗಿ ಬಂದ.

ಮರಳಿ ಬಂದಾಗ ಹಂದಿಯ ಪಕ್ಕದಲ್ಲಿ ಲಿಗಾಯಾಳ ಅಕ್ಕ ಮರಿಲೂ ನಿಂತಿದ್ದಳು. ತುಂಬಿದ ಬಸುರಿ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಹಂದಿಯ ಬೆನ್ನಿನ ಮೇಲೆ.

"ಅಕ್ಕಾ, ಬೇಡ! ಲೋಲಾ..."

"ನನಗಲ್ಲ ತಮ್ಮಾ" ಎಂದಳು ಮರಿಲೂ. ಅವಳು ಅವನನ್ನು ತಮ್ಮಾ ಎಂದು ಕರೆದದ್ದು ಅದೇ ಮೊದಲು. "ಮಗೂಗೆ. ಬಸುರಿ ಬಯಕೆ ತೀರಿಸ್ದೆ ಇದ್ರೆ ಮಗು ಕಿವಿ ಸೋರ್ತಾ ಹುಟ್ಟುತ್ತೆ ಅಂತಾರೆ. ಆಮೇಲೆ ಅದು ದೊಡ್ಡದಾಗಿ, ನನ್ನ ಕಿವಿ ಯಾಕೆ ಹೀಗೆ ಅಂತ ಕೇಳಿದ್ರೆ ಏನು ಹೇಳ್ಲಿ? ನಿನ್ನ ಚಿಕ್ಕಪ್ಪ ಒಂದು ಚೂರು ಕೊಡಲಿಲ್ಲ ಅಂತ ಹೇಳ್ಲಾ?"

ಚಿಕ್ಕಪ್ಪ! ಆ ಒಂದು ಮಾತಿಗೆ ಸಾಂತೋನ ಎದೆ ಬೆಣ್ಣೆಯಾಯಿತು. "ಒಂದೇ ಚೂರು, ಅಕ್ಕ" ಎಂದ. ಮರಿಲೂ ಒಂದೇ ಚೂರು ತೆಗೆದಳು. ಆದರೆ ಆ ಚೂರು ಹಂದಿಯ ಹೆಗಲಿನಿಂದ ಸೊಂಟದವರೆಗೆ ಬಂತು.

"ಯಾರಿಗೂ ಹೇಳ್ಬೇಡ. ನನ್ನಾಣೆ, ಮಗೂನಾಣೆ" ಎಂದು ಕರುಂಕುರುಂ ಸದ್ದಿನ ನಡುವೆ ಹೇಳಿ ಹೋದಳು.

ಸಾಂತೋ ಹಂದಿಯನ್ನು ಸ್ವಲ್ಪ ಹೊರಳಿಸಿ ಬೋಳಾದ ಭಾಗ ಚಪ್ಪರದ ಹಿಂಬದಿಗೆ ಬರುವಂತೆ ಮಾಡಿದ. ಉಸಿರು ಬಿಟ್ಟು ಕೂತ.

ಅಷ್ಟರಲ್ಲಿ ಇಸ್ಕೋ ಗಂಟಲು ಸವರಿಕೊಳ್ಳುತ್ತ ಬಂದರು. ಅವರು ಪಟ್ಟಣದಿಂದ ಒಂದು ಹಾಡಿನ ಪೆಟ್ಟಿಗೆಯನ್ನೂ ಬೀರುವಿನಷ್ಟು ದೊಡ್ಡ ಸ್ಪೀಕರನ್ನೂ ದೋಣಿಗೆ ಹೇರಿಸಿದ್ದರು. ಊಟವಾದ ಮೇಲೆ ಅವರ ಹಾಡು. ಅದರಿಂದ ತಪ್ಪಿಸಿಕೊಳ್ಳಲು ಈಜು ಬರುವವರಿಗೂ ಆ ದ್ವೀಪದಲ್ಲಿ ದಾರಿಯಿರಲಿಲ್ಲ.

"ತಪಾಸಣೆಗೆ ಬಂದೆ" ಎಂದರು ಇಸ್ಕೋ. "ಗರಿಗರಿ ಹೇಗಿದೆ ಅಂತ ಜವಾಬ್ದಾರಿ ಇರೋರು ಯಾರಾದ್ರೂ ನೋಡ್ಬೇಕಲ್ಲ?"

"ಚೆನ್ನಾಗೇ ಇದೆ ತಿಯೋ" ಎಂದ ಸಾಂತೋ. ಅಲ್ಲಿ ಚಿಕ್ಕಪ್ಪನ ವಯಸ್ಸಿನವರೆಲ್ಲ ತಿಯೋ, ಚಿಕ್ಕಮ್ಮನ ವಯಸ್ಸಿನವರೆಲ್ಲ ತಿಯಾ.

"ಚೆನ್ನಾಗಿದೆ ಅಂತ ನೀನು ಹೇಳಿದ್ರೆ ನಾನು ನಂಬ್ಬೇಕಾ? ಸಾಕ್ಷಿ ಬೇಕಯ್ಯಾ, ಸಾಕ್ಷಿ." ಅವರು ಸಾಕ್ಷಿಯನ್ನು ಪಕ್ಕೆಯಿಂದ ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. "ಒಂದು ಸಾಕ್ಷಿ ಸಾಲಲ್ಲ. ನ್ಯಾಯಕ್ಕೆ ಎರಡು ಬೇಕು." ಇನ್ನೊಂದು ಮುರಿದರು. ಮೂರನೆಯದು ಹಾಡುವ ಗಂಟಲಿಗೆ ಜಿಡ್ಡು ಬೇಕೆಂದು. "ನೋಡು ಮಗಾ, ಮನೇಲಿ ನಿನ್ನ ಪರವಾಗಿ ಮಾತಾಡೋನು ನಾನೊಬ್ಬನೇ. ನಾನು ಬಂದಿದ್ದೆ ಅಂತ ಮಾತ್ರ ಬಾಯಿ ಬಿಡಬೇಡ."

ಸಾಂತೋ ಮತ್ತೆ ಹಂದಿಯನ್ನು ಹೊರಳಿಸಿದ. ಈಗ ಎರಡೂ ಬದಿ ಬೋಳು. ಬಾಳೆಎಲೆಯೊಂದನ್ನು ಹರಿದು ಒಂದು ಕಡೆಗೆ ಹೊದಿಸಿದ. ಹಂದಿ ಜ್ವರ ಬಂದು ಮಲಗಿದ ಹಾಗೆ ಕಾಣಿಸಿತು.

ತೆಬಾನ್ ಚಪ್ಪರದ ಹಿಂಬದಿಯಿಂದ ಬಂದರು. ಕಳ್ಳ ಬೆಕ್ಕಿನ ಹೆಜ್ಜೆ. ಸಾಂತೋ ಗಾಬರಿಯಿಂದ ಎದ್ದು ಎಲೆಯ ಮೇಲೆ ಮೊಣಕೈ ಊರಿ ನಿಂತ. ಅವರು ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು: "ಪಾಸಿಂಗ್ ಈ ಕಡೆ ಬಂದ್ಲಾ?"

ಪಾಸಿಂಗ್ ಅವರ ಹೆಂಡತಿ. ಬಂದಿಲ್ಲ ಎಂದ ಸಾಂತೋ.

"ಕ್ರಿಸ್‌ಮಸ್ಸಿಂದ ನಾನು ಬರೀ ಗಂಜಿ, ಬೇಯಿಸಿದ ಸೊಪ್ಪು ಕಣಪ್ಪಾ" ಎಂದರು ತೆಬಾನ್. "ಬಿಪಿ ಅಂತೆ. ಡಾಕ್ಟರು ಹೇಳಿದ್ದು ಒಂದು, ಇವಳು ಮಾಡಿದ್ದು ಹತ್ತು. ಉಪ್ಪಿನ ಡಬ್ಬೀನೂ ಬೀಗ ಹಾಕಿಟ್ಟಿದ್ದಾಳೆ. ಮನುಷ್ಯ ಬದುಕೋದಾದ್ರೂ ಯಾಕೆ ಹೇಳು?"

"ತಿಯೋ, ನಿಮ್ಮ ಆರೋಗ್ಯ..."

"ತಿಯೋ ಅಂತ ಯಾಕೆ ಅಂತೀಯಾ? ಅಪ್ಪ ಅನ್ನು."

ಇದಕ್ಕಾಗಿ ಸಾಂತೋ ಎಷ್ಟು ಭಾನುವಾರ ಅವರ ಮನೆಯ ಬಾಗಿಲಲ್ಲಿ ಹಣ್ಣಿನ ಚೀಲ ಹಿಡಿದು ನಿಂತಿದ್ದ! ಅವನ ಕಣ್ಣು ಒದ್ದೆಯಾಯಿತು. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ತೆಬಾನ್ ಹಂದಿಯ ಒಂದು ತೊಡೆಯ ಚರ್ಮವನ್ನು ಕಾಲುಚೀಲ ಬಿಚ್ಚಿದ ಹಾಗೆ ಬಿಚ್ಚಿ ಮುಗಿಸಿದ್ದರು. ಇನ್ನೊಂದಕ್ಕೆ ಕೈ ಹಾಕುವಾಗ ಹೊರಗೆ ಚಪ್ಪಲಿಯ ಸದ್ದು ಕೇಳಿಸಿತು.

"ಸತ್ತೆ! ಅವಳೇ!" ಎಂದು ತೆಬಾನ್, ಆ ವಯಸ್ಸಿನಲ್ಲಿ, ಆ ಹೊಟ್ಟೆ ಹೊತ್ತುಕೊಂಡು, ಮೇಜಿನ ಕೆಳಗೆ ನುಸುಳಿದರು. ಮೇಜಿನ ಬಟ್ಟೆ ನೆಲದವರೆಗೆ ಇಳಿಬಿದ್ದಿದ್ದು ದೇವರ ದಯೆ.

ಪಾಸಿಂಗ್ ಒಳಗೆ ಬಂದಳು. ಕತ್ತಿನಲ್ಲಿ ಜಪಸರ. ಅವಳು ಮನೆಯ ದೈವಭಕ್ತೆ. ಹಡಗಿನ ಕೆಲಸಕ್ಕೆ ಹೋದ ಮಗ ಸುಖವಾಗಿ ಮನೆಗೆ ಮರಳುವವರೆಗೆ ಮಾಂಸ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದಳು. ಅವಳು ಹಂದಿಯ ಮುಂದೆ ನಿಂತು ಶಿಲುಬೆಯ ಗುರುತು ಹಾಕಿಕೊಂಡಳು.

"ಸಾಂತೋ, ನಿನ್ನನ್ನೊಂದು ಕೇಳ್ತೀನಿ. ನೀನು ಓದಿದೋನು. ಚರ್ಮ ಮಾಂಸ ಆಗುತ್ತಾ?"

"ಅದು... ತಿಯಾ, ಮಾಂಸದ ಮೇಲೆ ಇರುತ್ತೆ."

"ಮೇಲೆ ಇರುತ್ತೆ! ಅಂದ್ರೆ ಬೇರೆ ತಾನೆ? ಮರದ ಮೇಲೆ ಕಾಗೆ ಇರುತ್ತೆ, ಕಾಗೆ ಮರವಾ?" ಪಾಸಿಂಗಳ ಮುಖ ಅರಳಿತು. "ನಿನ್ನ ಹತ್ರ ಮಾತಾಡಿದ್ರೆ ಮನಸ್ಸು ಹಗುರಾಗುತ್ತೆ ಕಣೋ. ಇನ್ಮೇಲೆ ನನ್ನ ಅಮ್ಮ ಅಂತ್ಲೇ ಕರಿ."

ಅವಳು ಹೊಟ್ಟೆಯ ಭಾಗದಿಂದ ಮುರಿದಳು. ಒಂದು ಚೂರಿಗೆ ಒಂದು ಪ್ರಾರ್ಥನೆ. ಅವಳ ಪ್ರಾರ್ಥನೆಗಳು ಬಹಳ ಚಿಕ್ಕವು. ಅಗಿಯುತ್ತ ಅಗಿಯುತ್ತ ಅವಳ ಕಣ್ಣಲ್ಲಿ ನೀರು ಬಂತು.

"ಲಿಗಾಯಾಳ ಅಪ್ಪಂಗೆ ಮಾತ್ರ ಹೇಳ್ಬೇಡಪ್ಪಾ. ಪಾಪದ ಮನುಷ್ಯ. ಡಾಕ್ಟರು ಹೇಳಿದ್ದನ್ನ ಎಷ್ಟು ನಿಯತ್ತಾಗಿ ಪಾಲಿಸ್ತಿದ್ದಾರೆ ಗೊತ್ತಾ? ಒಂದು ಚೂರು ಕದ್ದು ತಿಂದಿಲ್ಲ. ಅಂಥ ಗಂಡನ ಮುಂದೆ ನಾನು ಹೀಗೆ ಅಂತ ಗೊತ್ತಾದ್ರೆ ಅವರ ಮುಖ ಹೇಗೆ ನೋಡ್ಲಿ?"

ಮೇಜಿನ ಕೆಳಗಿಂದ ಒಂದು ಸಣ್ಣ ಬಿಕ್ಕಳಿಕೆ ಕೇಳಿಸಿತು. ಸಾಂತೋ ತಾನೇ ಬಿಕ್ಕಳಿಸಿದ ಹಾಗೆ ಜೋರಾಗಿ ಇನ್ನೊಂದು ಬಿಕ್ಕಳಿಸಿದ.

"ನೀರು ಕುಡಿಯೋ ಮಗಾ" ಎಂದು ಹೇಳಿ ಪಾಸಿಂಗ್ ಜಪಸರ ಎಣಿಸುತ್ತ ಹೋದಳು.

ತೆಬಾನ್ ತೆವಳಿ ಹೊರಬಂದರು. "ಹರಕೆಯಂತೆ ಹರಕೆ! ಮರದ ಮೇಲಿನ ಕಾಗೆಯಂತೆ!" ಎಂದು ಸಿಡಿದರು. ಆಮೇಲೆ ಮರಳಿನ ಮೇಲೆ ಕೂತು ಮೆತ್ತಗಾದರು. "ನಾನು ಕೇಳೋ ಹಾಗೂ ಇಲ್ಲ. ಎಲ್ಲಿದ್ದೆ ಅಂತ ಕೇಳ್ತಾಳೆ." ಮೊಣಕಾಲಿನ ಮರಳು ಕೊಡವಿಕೊಂಡು, "ನಿಯತ್ತಿನ ಗಂಡ ಅಂದ್ಲು, ಕೇಳಿಸ್ಕೊಂಡ್ಯಾ?" ಎಂದು ಬೀಗಿ, ಇನ್ನೊಂದು ತೊಡೆಯನ್ನೂ ಮುಗಿಸಿ, ಬಂದ ದಾರಿಯಲ್ಲೇ ಹೋದರು.

ಸಾಂತೋ ಸಿಕ್ಕ ಎಲೆಯನ್ನೆಲ್ಲ ಹರಿದು ಹರಿದು ಹೊದಿಸಿದ. ಹಂದಿಯ ಮುಖವೊಂದು ಬಿಟ್ಟು ಬೇರೆಲ್ಲ ಹಸಿರಾಯಿತು. ತಾನು ಯಾವತ್ತೂ ಯಾರಿಗೂ ಇಲ್ಲ ಎಂದು ಹೇಳಲು ಕಲಿಯಲಿಲ್ಲವಲ್ಲ ಎಂದು ಅವನು ಹಂದಿಯ ಮುಂದೆ ನೊಂದುಕೊಂಡ. ಹಂದಿ ಬಾಯಲ್ಲಿ ಕಿತ್ತಳೆ ಕಚ್ಚಿಕೊಂಡು ಅವನ ಮಾತು ಕೇಳಿತು.

ಆಗ ಲೋಲಾ ಬಂದಳು.

ಅವನು ಬೀಸಣಿಗೆಯನ್ನು ಹಂದಿಗೆ ಅಡ್ಡ ಹಿಡಿದ. ಮುದುಕಿ ಊರುಗೋಲು ಊರುತ್ತ ಬಂದು ಹಂದಿಗೆ ಒಂದು ಸುತ್ತು ಹಾಕಿದಳು. ಕನ್ನಡಕ ಎಂದಿನಂತೆ ಹಣೆಯ ಮೇಲಿತ್ತು. "ಇದಕ್ಕೆ ಯಾಕೋ ಇಷ್ಟು ಎಲೆ?"

"ಬಿ... ಬಿಸಿಲು, ಲೋಲಾ."

"ಹೂಂ." ಲೋಲಾ ಬೆಂಚಿನ ಮೇಲೆ ಕೂತಳು. ಸಮುದ್ರ ನೋಡಿದಳು. ಕೆಮ್ಮಿದಳು. "ಯಾರಾದ್ರೂ ಬಂದಿದ್ರಾ?"

ಸಾಂತೋ ಜೋರಾಗಿ ಬೀಸತೊಡಗಿದ. "ನೊಣ ಬಂದಿತ್ತು."

"ನಮ್ಮ ಮನೇಲಿ ಎಲ್ಲ ಒಳ್ಳೇ ಮಕ್ಕಳು" ಎಂದಳು ಲೋಲಾ. "ಒಂದು ಮಾತು ಹೇಳಿದ್ರೆ ಮೀರಲ್ಲ. ಅದಕ್ಕೇ ನಂಗೆ ಕಷ್ಟ. ಪ್ರಾರ್ಥನೆ ಆದ್ಮೇಲೆ ಎಲ್ಲರೂ ನನ್ನ ಬಾಯೇ ನೋಡ್ತಾರೆ. ಈ ಬಾಯಲ್ಲಿ ಹಲ್ಲಿಲ್ಲ. ಚೀಪಿ ಚೀಪಿ ತಿನ್ನೋದನ್ನ ಮೊಮ್ಮಕ್ಕಳ ಮುಂದೆ ತೋರಿಸ್ಬೇಕಾ, ಹುಟ್ಟುಹಬ್ಬದ ದಿನ?" ಅವಳು ಅವನ ಕಡೆ ತಿರುಗಿದಳು. ಆ ಗಟ್ಟಿ ಮುದುಕಿಯ ಮುಖದಲ್ಲಿ ಮೊದಲ ಬಾರಿಗೆ ಸಣ್ಣ ನಾಚಿಕೆ ಕಂಡಿತು. "ಕೆನ್ನೆಯದು ಮೆತ್ತಗಿರುತ್ತೆ. ಕೊಡ್ತೀಯಾ?"

ಸಾಂತೋ ತಾನೇ ಎರಡೂ ಕೆನ್ನೆ ಬಿಡಿಸಿ ಬಾಳೆಎಲೆಯ ಚೂರಿನಲ್ಲಿಟ್ಟು ಕೊಟ್ಟ. ಅವಳು ಚೀಪುವಾಗ ನೋಡಬಾರದೆಂದು ಸಮುದ್ರದ ಕಡೆ ತಿರುಗಿ ಕೂತ. ಬೆನ್ನ ಹಿಂದೆ ಬಹಳ ಹೊತ್ತು ಚಪ್ಪರಿಸುವ ಸದ್ದು ಕೇಳುತ್ತಿತ್ತು. ಹೋಗುವಾಗ ಲೋಲಾ ಅವನ ತಲೆಯ ಮೇಲೆ ಕೈಯಿಟ್ಟಳು. ಕೈಯ ಜಿಡ್ಡು ಕೂದಲಿಗೆ ಹತ್ತಿತು. ಅದನ್ನು ಅವನು ಆಶೀರ್ವಾದವೆಂದೇ ತಿಳಿದ.

ಕೊನೆಗೆ ಬಂದವಳು ಲಿಗಾಯಾ, ಒದ್ದೆ ಕೂದಲು ಹಿಂಡುತ್ತ. ಎಲೆ ಎತ್ತಿ ನೋಡಿದಳು. ಇನ್ನೊಂದು ಎಲೆ ಎತ್ತಿದಳು. ಅವಳ ಕೈ ಬಾಯಿಗೆ ಹೋಯಿತು.

"ಯಾರ್ಯಾರು ಬಂದಿದ್ರು?"

"ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಎಲ್ಲರಿಗೂನಾ?"

ಸಾಂತೋ ತಲೆ ತಗ್ಗಿಸಿದ. ಲಿಗಾಯಾಳಿಗೆ ನಗುವೋ ಅಳುವೋ ತಿಳಿಯಲಿಲ್ಲ. "ನೀನು ತಿಂದ್ಯಾ?"

"ನಾನು ಕಾವಲಿನೋನು."

"ಪೆದ್ದ!" ಎಂದಳು ಅವಳು ತುಂಬು ಅಕ್ಕರೆಯಿಂದ. ಗದ್ದದ ಕೆಳಗೆ ಅಂಗೈಯಗಲದ ಚರ್ಮ ಅದು ಹೇಗೋ ಉಳಿದಿತ್ತು. ಅದನ್ನು ಮುರಿದು, ಬೇಡ ಬೇಡ ಎನ್ನುತ್ತಿದ್ದ ಅವನ ಬಾಯಿಗೆ ಬಲವಂತವಾಗಿ ತುರುಕಿದಳು.

ಅದೇ ಕ್ಷಣಕ್ಕೆ ಇಡೀ ಸಂಸಾರ ಪ್ರಾರ್ಥನೆಗೆಂದು ಚಪ್ಪರದೊಳಗೆ ಬಂತು.

ಪ್ರಾರ್ಥನೆ ಮುಗಿಯಿತು. ಪಾಸಿಂಗ್ ಅಂದು ಹೇಳಿದಷ್ಟು ಉದ್ದದ ಪ್ರಾರ್ಥನೆ ಹಿಂದೆಂದೂ ಹೇಳಿರಲಿಲ್ಲ. ಮೊದಲ ಚರ್ಮ ಮುರಿಯಲೆಂದು ಲೋಲಾ ಎಲೆಗಳನ್ನು ಸರಿಸಿದಳು. ಹಂದಿ ಉಣ್ಣೆ ಕತ್ತರಿಸಿದ ಕುರಿಯ ಹಾಗೆ ಬಡಪಾಯಿಯಾಗಿ ಮಲಗಿತ್ತು.

ತಿಂದದ್ದು ತಾನೊಬ್ಬಳೇ ಅಂದುಕೊಂಡಿದ್ದ ಮರಿಲೂ ಕಿರುಚಿದಳು. ತಾನೊಬ್ಬನೇ ಅಂದುಕೊಂಡಿದ್ದ ಇಸ್ಕೋ ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟರು. ಲೋಲಾ ಹಣೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅನ್ನುವ ಮೊದಲೇ ಎಲ್ಲರೂ ತುಟಿ ಒರೆಸಿಕೊಂಡರು.

"ಯಾರು ಮಾಡಿದ್ದು ಇದನ್ನ?" ಎಂದರು ಇಸ್ಕೋ, ಪಂಚಾಯಿತಿಯ ದನಿಯಲ್ಲಿ.

ಆ ಮೌನದಲ್ಲಿ ಒಂದೇ ಒಂದು ಸದ್ದು ಕೇಳಿಸಿತು. ಕರುಂ.

ಸಾಂತೋ ಬಾಯಲ್ಲಿದ್ದದ್ದನ್ನು ಪ್ರಾರ್ಥನೆಯುದ್ದಕ್ಕೂ ನುಂಗಲೂ ಆಗದೆ ಉಗಿಯಲೂ ಆಗದೆ ನಿಂತಿದ್ದ.

"ಬೇಲಿಯೇ ಎದ್ದು ಹೊಲ ಮೇಯ್ದಿದೆ!" ಎಂದು ಇಸ್ಕೋ ಗುಡುಗಿದರು.

"ಇವನ್ನ ನಂಬಿದ್ವಲ್ಲಾ!" ಎಂದಳು ಮರಿಲೂ, ಹೊಟ್ಟೆಯ ಮೇಲೆ ಕೈಯಿಟ್ಟು.

"ಅಪ್ಪಾ..." ಎಂದು ಸಾಂತೋ ತೆಬಾನರ ಕಡೆ ತಿರುಗಿದ.

"ಯಾರಯ್ಯಾ ನಿನಗೆ ಅಪ್ಪ?" ಎಂದರು ತೆಬಾನ್. ಅವರ ಬಾಯಿ ಹಾಗೆ ಹೇಳಿತು. ಕಣ್ಣು ಮಾತ್ರ, ಹೇಳಬೇಡ ಮಗನೇ, ದಮ್ಮಯ್ಯ, ಎಂದು ಬೇಡಿಕೊಳ್ಳುತ್ತಿತ್ತು. ಸಾಂತೋ ಒಬ್ಬೊಬ್ಬರ ಮುಖ ನೋಡಿದ. ಎಲ್ಲರ ಕಣ್ಣೂ ಅದನ್ನೇ ಹೇಳುತ್ತಿದ್ದವು. ಲೋಲಾ ನೆಲ ನೋಡುತ್ತಿದ್ದಳು. ಅವಳ ಕೆನ್ನೆಯೊಳಗೆ ಏನೋ ಇನ್ನೂ ಆಚೆ ಈಚೆ ಹೊರಳುತ್ತಿತ್ತು.

"ಅವನಲ್ಲ, ನಾನು..." ಎಂದು ಲಿಗಾಯಾ ಬಾಯಿ ತೆರೆದಳು.

"ನಾನೇ" ಎಂದ ಸಾಂತೋ. "ಎಲ್ಲ ನಾನೇ ತಿಂದೆ."

ಇಷ್ಟರಲ್ಲಿ ಕಡಲ ಕಡೆಯಿಂದ ಕೂಗು ಕೇಳಿಸಿತು. ಬೆಳಗಿನ ಅಂಬಿಗ ಇನ್ನೊಂದು ಬಾಳೆಎಲೆಯ ಹೊರೆ ಹೊತ್ತು ಬರುತ್ತಿದ್ದ. ಮೇಜಿನ ಮೇಲೆ ದಪ್ಪನೆ ಇಳಿಸಿ, "ನೀವು ಹೇಳಿದ್ದ ಹಂದಿ" ಎಂದ.

"ಹಾಗಾದ್ರೆ ಇದು?" ಎಂದರು ತೆಬಾನ್.

"ಅದು ಅವರದು" ಎಂದು ಅಂಬಿಗ ಗದ್ದದಿಂದ ಸಮುದ್ರ ತೋರಿಸಿದ. "ದೋಣೀಲಿ ಜಾಗ ಸಾಲಲಿಲ್ಲ ಅಂತ ಹಂದಿ ಮುಂಚೆ ಕಳಿಸಿದ್ರು."

ಮೊಣಕಾಲುದ್ದದ ನೀರಿನಲ್ಲಿ ಒಬ್ಬ ದಪ್ಪ ಹೆಂಗಸು ಹಬ್ಬದ ಲಂಗ ಎತ್ತಿ ಹಿಡಿದು, ಚಪ್ಪಲಿ ಕೈಯಲ್ಲಿ ಹಿಡಿದು ಬರುತ್ತಿದ್ದಳು. ಅವಳ ಹಿಂದೆ ಇಗರ್ಜಿಗೆ ಹಾಕುವ ಅಂಗಿ ತೊಟ್ಟ ಸಣಕಲು ಮನುಷ್ಯ, ತಲೆಯ ಮೇಲೆ ಅಂಟಕ್ಕಿ ಕಡುಬಿನ ಬುಟ್ಟಿ. ಸಾಂತೋನ ಬಾಯಲ್ಲಿದ್ದದ್ದು ತಾನಾಗಿಯೇ ಗಂಟಲಿಗಿಳಿಯಿತು.

"ಅಮ್ಮಾ?"

ಲಿಗಾಯಾ ಓಡಿಹೋಗಿ ಅವರ ಕೈ ಹಿಡಿದು ಕರೆತಂದಳು. ಮುಖ ಕೆಂಪಾಗಿತ್ತು. "ಲೋಲಾ, ಎಲ್ಲರಿಗೂ ಆಶ್ಚರ್ಯ ಮಾಡೋಣ ಅಂತ ನಾನೇ ಕರೆಸಿದ್ದು. ಸಾಂತೋಗೂ ಹೇಳಿರ್ಲಿಲ್ಲ. ಇವರು ಉರ್ಸೂಲಾ, ಇವರು ಪೆದ್ರಿಂಗ್. ಹೆಣ್ಣು ಕೇಳೋಕೆ ಬಂದಿದ್ದಾರೆ. ಏನೂ ತರಬೇಡಿ ಅಂದಿದ್ದೆ..."

"ಹೆಣ್ಣು ಕೇಳೋಕೆ ಬರಿಗೈಲಿ ಬರ್ತಾರೇನಮ್ಮ?" ಎಂದಳು ಉರ್ಸೂಲಾ. "ಮರಿ ಇದ್ದಾಗಿಂದ ಜೋಳ, ಸಿಹಿಗೆಣಸು ಹಾಕಿ ನಾನೇ ಸಾಕಿದ್ದು. ರಾತ್ರಿ ಪೂರ್ತಿ ನಮ್ಮೋರು ಕೆಂಡದ ಮುಂದೆ ಕೂತು ತಿರುಗಿಸಿದ್ರು. ಎಲ್ಲಿ ನನ್ನ..."

ಅವಳ ಕಣ್ಣು ಮೇಜಿನ ಮೇಲೆ ಬಿತ್ತು.

ಬೀಗರಾಗುವವರು ತಂದ ಹಂದಿ! ಅದರ ಚರ್ಮ ಕದ್ದು ತಿಂದವರು ಹೆಣ್ಣಿನ ಮನೆಯವರು! ತೆಬಾನರ ಬಿಪಿ ಆ ಕ್ಷಣ ಎಷ್ಟಿತ್ತೋ ಯಾವ ಡಾಕ್ಟರಿಗೂ ಗೊತ್ತಿಲ್ಲ.

"ಯಾರು?" ಎಂದಳು ಉರ್ಸೂಲಾ.

"ನಾನೇ ಅಮ್ಮಾ" ಎಂದ ಸಾಂತೋ. ಇಷ್ಟು ಹೊತ್ತಿಗೆ ಅದು ಅವನಿಗೆ ಅಭ್ಯಾಸವಾಗಿತ್ತು.

ಕೈಯಲ್ಲಿದ್ದ ಚಪ್ಪಲಿ ಅವನ ಬೆನ್ನಿಗೆ ಬಿತ್ತು. ಮತ್ತೊಂದು ಬೀಳುವ ಮೊದಲೇ ಲೋಲಾ ಊರುಗೋಲನ್ನು ಅಡ್ಡ ಹಿಡಿದಳು. "ಬಿಡವ್ವಾ, ಬಿಡು. ಹುಡುಗ, ಹಸಿವು. ನಮಗೇನೂ ಬೇಜಾರಿಲ್ಲ. ನಿನ್ನ ಮಗ ನನಗೆ ಒಪ್ಪಿಗೆ. ಹೆಣ್ಣು ಕೊಟ್ಟೆ."

"ಕೊಟ್ವಿ, ಕೊಟ್ವಿ" ಎಂದು ತೆಬಾನ್, ಪಾಸಿಂಗ್, ಇಸ್ಕೋ ಒಟ್ಟಿಗೆ ಹೇಳಿದರು. ಸಾಂತೋನ ಕಿವಿಗೆ ನಂಬಿಕೆ ಬರಲಿಲ್ಲ. ಲಿಗಾಯಾ ಕುಣಿಯುವುದೊಂದು ಬಾಕಿ.

"ನಿಮ್ಮದು ದೊಡ್ಡ ಮನಸ್ಸು" ಎಂದಳು ಉರ್ಸೂಲಾ, ಉಸಿರು ಬಿಡುತ್ತ. "ಆದ್ರೆ ನಾನು ಕೊಡಲ್ಲ."

"ಏನು?"

"ನನ್ನ ಮಗನ್ನ ನಾನು ಕೊಡಲ್ಲ. ಇಂಥ ಹೊಟ್ಟೆಬಾಕನ್ನ ಇಂಥ ಮರ್ಯಾದಸ್ಥರ ಮನೆಗೆ ಹೇಗೆ ಕೊಡ್ಲಿ? ದೇವರು ಮೆಚ್ಚಲ್ಲ. ಅಜ್ಜಿ ಹುಟ್ಟುಹಬ್ಬದ ದಿನ ಇಡೀ ಹಂದಿ ಚರ್ಮ ಒಬ್ಬನೇ! ಒಂದು ವರ್ಷ ಕಳೀಲಿ. ಬಾಯಿ ಕಟ್ಟೋದು ಕಲೀಲಿ. ಆಮೇಲೆ ನೋಡೋಣ."

"ಸಾಂತೋ ತಿಂದಿಲ್ಲ!" ಎಂದಳು ಲಿಗಾಯಾ. "ನಾನೇ ಬಾಯಿಗೆ ತುರುಕಿದ್ದು. ಅವನು ತಿಂದದ್ದು ಒಂದೇ ಚೂರು!"

ಉರ್ಸೂಲಾಳ ಕಣ್ಣು ತುಂಬಿ ಬಂತು. "ನೋಡಿ, ನೋಡಿ! ಅವನ ಮಾನ ಉಳಿಸೋಕೆ ಬಂಗಾರದಂಥ ಹುಡುಗಿ ಸುಳ್ಳೂ ಹೇಳ್ತಿದ್ದಾಳೆ. ಇವಳ ಬಾಳು ಹಾಳು ಮಾಡ್ಲಾ ನಾನು? ಎರಡು ವರ್ಷ!"

ಲಿಗಾಯಾ ತನ್ನವರ ಕಡೆ ತಿರುಗಿದಳು. "ಯಾರಾದ್ರೂ ಬಾಯಿ ಬಿಡ್ರೀ!"

ಇಸ್ಕೋ ಆಕಾಶ ನೋಡಿದರು. ಮರಿಲೂ ಹೊಟ್ಟೆ ನೋಡಿಕೊಂಡಳು. ಪಾಸಿಂಗ್ ಜಪಸರ ಎಣಿಸಿದಳು. ತೆಬಾನ್ ಬಾಯಿ ತೆರೆದರು, ಹೆಂಡತಿಯ ಕಡೆ ನೋಡಿದರು, ಮುಚ್ಚಿದರು. ಸಾಂತೋ ಮಾತ್ರ ಲಿಗಾಯಾಳ ಕೈ ಒತ್ತಿ, ಬೇಡ, ಎಂದು ತಲೆಯಾಡಿಸಿದ.

ಆಗ ಲೋಲಾ ಎದ್ದು ನಿಂತಳು. ಮುದುಕಿ ಸತ್ಯ ಹೇಳಿಯೇಬಿಡುತ್ತಾಳೆ ಎಂದು ಸಾಂತೋನಿಗೆ ಅನ್ನಿಸಿತು. ಅವಳ ಕಣ್ಣಲ್ಲಿ ಅವನ ಮೇಲೆ ಅಂಥ ಮಮತೆಯಿತ್ತು.

"ಉರ್ಸೂಲಾ" ಎಂದಳು ಲೋಲಾ. "ನೀನು ಹೇಳೋದೇ ಸರಿ. ಹುಡುಗ ಬಾಯಿ ಕಟ್ಟೋದು ಕಲೀಬೇಕು. ಆದ್ರೆ ಮನೇಲಿ ಸುಮ್ಮನೆ ಕೂತ್ರೆ ಕಲೀತಾನಾ? ಅಭ್ಯಾಸ ಬೇಕು. ತಿಂಗಳಿಗೊಂದು ಸಲ ನೀನು ಹೀಗೇ ಒಂದು ಹಂದಿ ಸುಟ್ಟು ಅವನ ಕೈಲಿ ನಮ್ಮ ಮನೆಗೆ ಕಳ್ಸು. ಅದರ ಮುಂದೆ ಅವನ್ನ ಕಾವಲು ಕೂರಿಸ್ತೀವಿ. ಅವನು ಮುಟ್ಟದ ಹಾಗೆ ನೋಡ್ಕೊಳ್ಳೋ ಜವಾಬ್ದಾರಿ ನಮ್ಮದು."

"ನಾನು ಖುದ್ದಾಗಿ ನೋಡ್ಕೋತೀನಿ" ಎಂದರು ತೆಬಾನ್ ತಟ್ಟನೆ.

"ನಾನೂ ಆಗಾಗ ಬಂದು ತಪಾಸಣೆ ಮಾಡ್ತೀನಿ" ಎಂದರು ಇಸ್ಕೋ.

"ನಾನು ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡ್ತೀನಿ" ಎಂದಳು ಪಾಸಿಂಗ್.

ಉರ್ಸೂಲಾ ಸೆರಗಿನಂಥ ತನ್ನ ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡು ಲೋಲಾಳ ಎರಡೂ ಕೈಗಳನ್ನು 'ಎಂಥಾ ಜನ ಸಿಕ್ಕಿದರಪ್ಪ' ಎಂದು ಹಣೆಗೊತ್ತಿಕೊಂಡಳು. ಪೆದ್ರಿಂಗ್ ಕಡುಬಿನ ಬುಟ್ಟಿ ಇಳಿಸಿದ. ಎರಡು ವರ್ಷ, ತಿಂಗಳಿಗೊಂದು ಹಂದಿ ಎಂದು ಮಾತು ಪಕ್ಕಾ ಆಯಿತು.

ಹೊಸ ಹಂದಿಯ ಚರ್ಮ ಮುರಿಯುವಾಗ ಸಾಂತೋನ ತಟ್ಟೆಗೆ ಬರೀ ಅನ್ನ, ಒಂದಿಷ್ಟು ಸೊಪ್ಪು ಬಿತ್ತು. ಬಡಿಸಿದವಳು ಅವನ ತಾಯಿಯೇ. ಪಕ್ಕದಲ್ಲಿ ತೆಬಾನ್ ಕೂತಿದ್ದರು. ಹೆಂಡತಿ ಕಣ್ಣಿಟ್ಟಿದ್ದರಿಂದ ಅವರ ತಟ್ಟೆಯಲ್ಲೂ ಅನ್ನ, ಸೊಪ್ಪೇ. ಇಬ್ಬರೂ ತಲೆ ತಗ್ಗಿಸಿ ಉಣ್ಣುತ್ತಿರುವಾಗ ತೆಬಾನ್ ಅವನ ಕಡೆ ವಾಲಿ ಕಿವಿಯಲ್ಲಿ ಹೇಳಿದರು:

"ಮಗಾ, ಮುಂದಿನ ತಿಂಗಳು ಬರುವಾಗ ಸ್ವಲ್ಪ ದೊಡ್ಡ ಹಂದಿ ತಾ. ನಾನು ಆವತ್ತು ಸೊಂಟನೋವು ಅಂತ ಇಡೀ ದಿನ ಹಂದಿ ಇಟ್ಟ ಕೋಣೇಲೇ ಮಲಗಿರ್ತೀನಿ."